ಗಾಡಿ ಬಲಕ್ಕೆ ಎಳೀತದೆ ಕಣೋ!

ಅಪ್ಪ ಒಂದು ವರ್ಷದಿಂದ ಫೋನಿನಲ್ಲಿ ಹೇಳ್ತಾನೇ ಇದ್ರು, "ಗಾಡಿ ಬಲಕ್ಕೆ ಎಳೀತದೆ ಕಣೋ." ನಾನು ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು "ವೀಲ್ ಅಲೈನ್‌ಮೆಂಟ್ ಮಾಡಿಸಿ ಅಪ್ಪ" ಅಂತ ಟಿಕೆಟ್ ಕ್ಲೋಸ್ ಮಾಡ್ತಿದ್ದೆ. ಪಾಪ, ಎರಡು ಸಲ ಮಾಡಿಸಿದ್ರು ಕೂಡ.

ಕಾರು 2007ರದ್ದು. ಹೋದ ಡಿಸೆಂಬರ್‌ನಲ್ಲಿ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೊರಟೆ. ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯುವಾಗ, ಒಂದು ತಿರುವಿನಲ್ಲಿ ಬ್ರೇಕ್ ಒತ್ತಿದರೆ ಸ್ಪಂಜು ತುಳಿದ ಹಾಗೆ ಪೆಡಲ್ ಕೆಳಗೆ ಹೋಯ್ತು. ಕಾಲಲ್ಲಿ ಪಟಪಟ ಪಂಪ್ ಮಾಡಿ, ಸೆಕೆಂಡ್ ಗೇರಿಗೆ ಇಳಿಸಿ, ಹ್ಯಾಂಡ್‌ಬ್ರೇಕ್ ಮೆಲ್ಲಗೆ ಎಳೆದು ಹೇಗೋ ಪಕ್ಕಕ್ಕೆ ನಿಲ್ಲಿಸಿದೆ. ಅಮ್ಮ "ವ್ಯೂ ಪಾಯಿಂಟಾ?" ಅಂದ್ರು. ಹೌದು ಅಂದೆ.

ಬಾನೆಟ್ ಎತ್ತಿ ನೋಡಿದರೆ ಬ್ರೇಕ್ ಆಯಿಲ್ ಮಟ್ಟ ಇಳಿದಿರಲಿಲ್ಲ. ಎಡ ಚಕ್ರ ಬೆಚ್ಚಗಿತ್ತು. ಬಲ ಚಕ್ರದ ಹತ್ತಿರ ಕೈ ಹಿಡಿಯೋಕೇ ಆಗಲಿಲ್ಲ, ಸುಟ್ಟ ವಾಸನೆ ಬೇರೆ. ಅರ್ಧ ಗಂಟೆ ಬಿಟ್ಟು ಒತ್ತಿದರೆ ಪೆಡಲ್ ಮತ್ತೆ ಗಟ್ಟಿ! ನಮ್ಮ ಕೆಲಸದಲ್ಲಿ ಇಂಥ ಬಗ್ಗೇ ಅತಿ ಕೆಟ್ಟದ್ದು: ನೋಡೋಕೆ ಹೋದಾಗ ಇರಲ್ಲ. ಆದರೆ ಪೈಪಿನಲ್ಲಿ ಗಾಳಿ ಸೇರಿದ್ದರೆ ತಣ್ಣಗಾದ ಮೇಲೂ ಮೆತ್ತಗೇ ಇರಬೇಕಿತ್ತು. ಅಂದ್ರೆ ಇದು ಬಿಸಿಯ ಕಥೆ. ರಿಸ್ಕ್ ಬೇಡ ಅಂತ ಅವರಿಬ್ಬರನ್ನೂ ಬಸ್ ಹತ್ತಿಸಿ, ಗಾಡಿಯನ್ನು ಉಜಿರೆಗೆ ಟೋ ಮಾಡಿಸಿದೆ.

ಜಾಕ್ ಹಾಕಿ ಎತ್ತಿದರೆ ಬಲ ಚಕ್ರ ಕೈಯಲ್ಲಿ ತಿರುಗ್ತಾನೇ ಇಲ್ಲ. ಮೆಕ್ಯಾನಿಕ್ ಪ್ಯಾಡ್ ಬಿಚ್ಚಿ ತೋರಿಸಿದ್ರು: ಒಳಗಿನದು ಸವೆದು ತಗಡಾಗಿದೆ, ಹೊರಗಿನದು ದಪ್ಪ ಇದೆ. ಕ್ಯಾಲಿಪರ್ ಜಾರಬೇಕಾದ ಪಿನ್ ತುಕ್ಕು ಹಿಡಿದು ಸಿಕ್ಕಿಕೊಂಡಿತ್ತು. ಆರು ತಿಂಗಳ ಹಿಂದೆ ಪ್ಯಾಡ್ ಬದಲಿಸಿದವರು ಪಿನ್ ಮುಟ್ಟಿಯೇ ಇರಲಿಲ್ಲ. ಕಾಲು ತೆಗೆದರೂ ಬ್ರೇಕ್ ಬಿಡ್ತಿರಲಿಲ್ಲ. ಅದಕ್ಕೇ ಬಲಕ್ಕೆ ಎಳೀತಿದ್ದದ್ದು.

ಇನ್ನು ಆಯಿಲ್, ಕಷಾಯದ ಬಣ್ಣ. ಅದು ಗಾಳಿಯಿಂದ ನೀರು ಹೀರಿಕೊಳ್ಳುತ್ತೆ. ಡಾಟ್ 3 ಆಯಿಲ್ ಹೊಸದಿದ್ದಾಗ ಕುದಿಯೋಕೆ ಕನಿಷ್ಠ 205 ಡಿಗ್ರಿ ಬೇಕು, ಶೇ. 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತೆ. ಕುದ್ದರೆ ಆವಿ, ಆವಿ ಒತ್ತಿದರೆ ಕುಗ್ಗುತ್ತೆ, ಕಾಲಿನ ಬಲ ಚಕ್ರಕ್ಕೆ ಮುಟ್ಟಲ್ಲ. ನಾನು ಬೇರೆ ನಾಲ್ಕನೇ ಗೇರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟೇ ಇಳಿದಿದ್ದೆ. ಇದನ್ನು ಅಪ್ಪನಿಗೆ ಇನ್ನೂ ಹೇಳಿಲ್ಲ.

ನಿಮ್ಮ ಮನೆಯಲ್ಲೂ ಹಳೇ ಗಾಡಿ ಇದ್ದರೆ ನಿಂತಲ್ಲೇ ಪೆಡಲ್ ಒತ್ತಿ ಹಿಡಿದು ನೋಡಿ. ನಿಧಾನಕ್ಕೆ ಇಳಿಯುತ್ತಾ ಹೋದರೆ, ಹೊರಗೆ ಎಲ್ಲೂ ಸೋರಿಕೆ ಕಾಣದಿದ್ದರೆ, ಅನುಮಾನ ಮಾಸ್ಟರ್ ಸಿಲಿಂಡರ್ ಮೇಲೆ. ಆಯಿಲ್ ಎರಡು ವರ್ಷಕ್ಕೊಮ್ಮೆಯಾದ್ರೂ ಬದಲಿಸಿ.

ವಾಪಸ್ ಬರುವಾಗ ಅಪ್ಪನೇ ಓಡಿಸಿದ್ರು. ಮೂಡಿಗೆರೆ ದಾಟಿ ಖಾಲಿ ನೇರ ರಸ್ತೆ ಸಿಕ್ಕಾಗ ಸ್ಟೀರಿಂಗ್ ಸ್ವಲ್ಪ ಸಡಿಲ ಬಿಟ್ಟರು. ಗಾಡಿ ನೆಟ್ಟಗೆ ಹೋಯ್ತು. ಏನೂ ಹೇಳಲಿಲ್ಲ, ನನ್ನ ಕಡೆ ಒಂದು ಸಲ ನೋಡಿದ್ರು, ಅಷ್ಟೇ.