ಅಕ್ಕಿ ಹೆಚ್ಚೈತೆ

ನಮ್ಮೂರು ತಿಪಟೂರು ಸೀಮೆಯದು. ದಿನಾ ರಾಗಿಮುದ್ದೆ, ಅನ್ನ ಕಾಣುತ್ತಿದ್ದದ್ದು ಹಬ್ಬಕ್ಕೆ, ಇಲ್ಲವೇ ನೆಂಟರು ಬಂದಾಗ. ಒಂದು ಮಧ್ಯಾಹ್ನ ಹೇಳದೆ ಕೇಳದೆ ನೆಂಟರು ಬಂದಿಳಿದರು. ಅವ್ವ ಅಕ್ಕಿ ಮಡಕೆಗೆ ಕೈ ಹಾಕಿ ನೋಡಿದಳು, ನನ್ನನ್ನು ಹಿತ್ತಿಲಿಗೆ ಕರೆದು ಸೇರು ಕೈಗಿಟ್ಟಳು. "ದೊಡ್ಡವ್ವನ ಮನೆಗೋಗಿ, ನಮ್ಮನೇಲಿ ಅಕ್ಕಿ ಹೆಚ್ಚೈತಂತೆ, ಒಂದು ಸೇರು ಕೊಡಬೇಕಂತೆ ಅನ್ನು. ಖಾಲಿ ಅನ್ನೋ ಮಾತು ಮಾತ್ರ ಬಾಯಲ್ಲಿ ಬರಕೂಡ್ದು ಕಣ್ಲಾ."

ಏಳೆಂಟು ವರ್ಷದ ನನಗೆ ಇದರ ತಲೆಬುಡ ತಿಳಿಯಲಿಲ್ಲ. ಹೆಚ್ಚಿದ್ದರೆ ಕೇಳುವುದೇಕೆ? ಮೊದಲೇ ಆ ಪದ ಗೊಂದಲದ್ದು. ಅವ್ವ ಬದನೆಕಾಯನ್ನೂ ಹೆಚ್ಚುತ್ತಿದ್ದಳು. ದಾರಿಯುದ್ದಕ್ಕೂ ಮಾತನ್ನು ಬಾಯಿಪಾಠ ಮಾಡಿಕೊಂಡು ಹೋಗಿ, ದೊಡ್ಡವ್ವನ ಹೊಸ್ತಿಲ ಆಚೆ ನಿಂತು ಒಪ್ಪಿಸಿದೆ. ಆಕೆ ನಗಲಿಲ್ಲ, ಮರುಮಾತು ಕೇಳಲಿಲ್ಲ. ಸೇರಿನ ಕಂಠದವರೆಗೆ ತುಂಬಿ, ಅದರ ಮೇಲೆ ಇನ್ನೆರಡು ಬೊಗಸೆ ಸುರಿದು ಗೋಪುರ ಏರಿಸಿದಳು. "ಮೇಲೆ ಅಂಗೈ ಮುಚ್ಕೊಂಡು ಹೋಗು, ಕಾಗೆ ಬಾಯಿ ಹಾಕೀತು" ಅಂದಳು. ಬೀದಿಯಲ್ಲಿ ಯಾರಾದರೂ ನೋಡಿಯಾರೆಂದೂ ಇರಬಹುದು, ಅದು ಹೊಳೆದದ್ದು ಎಷ್ಟೋ ವರ್ಷದ ಮೇಲೆ.

ಅವ್ವನ ಬಾಯಲ್ಲಿ ಇಂಥ ತಿರುಗುಮುರುಗು ಮಾತು ರಾಶಿ ಇದ್ದವು. ದೀಪ ಆರಿಸು ಅನ್ನುವಂತಿಲ್ಲ, ದೊಡ್ಡದು ಮಾಡು ಅನ್ನಬೇಕು. ಬಳೆ ಒಡೆಯುತ್ತಿರಲಿಲ್ಲ, ಹೆಚ್ಚುತ್ತಿದ್ದವು. ಹೊರಟು ನಿಂತವರನ್ನು ಎಲ್ಲಿಗೆ ಅಂತ ಕೇಳಿದರೆ ಕೆಲಸ ಕೆಟ್ಟಿತು; "ದೂರ ಹೊರಟ್ರಾ?" ಅನ್ನಬೇಕು. ಅವರು ಬೇಕಿದ್ದರೆ ಊರಿನ ಹೆಸರು ಹೇಳಿಯಾರು, ಬೇಡವಾದರೆ "ಇಲ್ಲೇ" ಅಂದು ನಡೆದಾರು. ಸಂಜೆ ದೀಪ ಹಚ್ಚಿದ ಮೇಲೆ ಸೂಜಿ ಕೇಳಲು ಅಂಗಡಿಗೆ ಕಳಿಸುತ್ತಿರಲಿಲ್ಲ. ಕಳಿಸಿದರೂ ಅಂಗಡಿಯವರು ಕೊಡುತ್ತಿರಲಿಲ್ಲ, ಅವರ ಅವ್ವನೂ ಅದನ್ನೇ ಹೇಳಿಕೊಟ್ಟಿದ್ದಳಲ್ಲ.

ಕಾಲೇಜಿಗೆ ಬಂದಾಗ ಇದಕ್ಕೆಲ್ಲ ಸೌಮ್ಯೋಕ್ತಿ ಎಂಬ ಹೆಸರಿದೆ ಎಂದು ಮೇಷ್ಟ್ರು ಹೇಳಿದರು. ಹೆಸರೇನೋ ಚೆನ್ನಾಗಿದೆ. ಆದರೆ ಅವ್ವ ಸೌಮ್ಯವಾಗೇನೂ ಕಲಿಸಿರಲಿಲ್ಲ, ಬಾಯಿ ತಪ್ಪಿ "ದೀಪ ಆರಿಸ್ಲಾ?" ಅಂದರೆ ತಲೆಗೆ ಮೊಟಕು ಬೀಳುತ್ತಿತ್ತು. "ಅಸ್ತು ದೇವತೆಗಳು ತಿರುಗಾಡೋ ಹೊತ್ತು ಕಣ್ಲಾ, ಅಸ್ತು ಅಂದುಬಿಟ್ರೆ?" ಅನ್ನುವಳು. ಹಾಗಂತ ಅವಳೇನು ದೇವರು ದಿಂಡಿರ ಹಿಂದೆ ಬಿದ್ದವಳಲ್ಲ. ವರ್ಷಕ್ಕೊಮ್ಮೆ ಊರಹಬ್ಬಕ್ಕೆ ಆರತಿ ಹೊತ್ತರೆ ಅಲ್ಲಿಗೆ ಮುಗಿಯಿತು. ದೇವರಿಗಿಂತ ನಾಲಗೆಯ ಮೇಲೆ ಅವಳಿಗೆ ಭಯ ಹೆಚ್ಚು. ಇಲ್ಲ, ಇಲ್ಲ ಅಂತ ಅಂದುಕೊಂಡೇ ಇದ್ದರೆ ಮನೆಯಲ್ಲಿ ಇಲ್ಲ ಅನ್ನುವುದೇ ಉಳಿಯುತ್ತದೆ ಎಂಬುದು ಅವಳ ಲೆಕ್ಕ. ಇಲ್ಲದ ದಿನಗಳೇ ಜಾಸ್ತಿ ಇದ್ದ ಮನೆ ಅದು.

ಕಾಯಿಲೆಗೂ ಇದೇ ಮರ್ಯಾದೆ. ಸಿಡುಬು ಎದ್ದರೆ "ಅಮ್ಮ ಬಂದವಳೆ" ಅನ್ನಬೇಕು, ಬಾಗಿಲಿಗೆ ಬೇವಿನ ಸೊಪ್ಪು ಸಿಗಿಸಬೇಕು. ಜಗತ್ತಿನಲ್ಲಿ ಸಿಡುಬು ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಸಾರಿತು. ರೋಗ ಹೋಯಿತು, ಹೆಸರು ಹೋಗಲಿಲ್ಲ. ಸೀತಾಳೆ ಸಿಡುಬಿಗೆ ಇವತ್ತಿಗೂ ಅದೇ ಮಾತು. ನನ್ನ ಮಗಳಿಗೆ ಮೈತುಂಬ ಗುಳ್ಳೆ ಎದ್ದಾಗ, ವಿಜ್ಞಾನ ಓದಿದ ನಾನು ಆಫೀಸಿಗೆ ಫೋನ್ ಮಾಡಿ "ಮಗಳಿಗೆ ಅಮ್ಮ ಆಗಿದೆ, ರಜೆ ಬೇಕು" ಅಂದಿದ್ದೆ. ಆ ಕಡೆಯ ಹಿಂದಿ ಹುಡುಗ ಅಭಿನಂದನೆ ಹೇಳಬೇಕೋ ಬೇಡವೋ ಎಂದು ಒದ್ದಾಡಿದ.

ಒಂದು ವಿಷಯದಲ್ಲಿ ಮಾತ್ರ ನಾನು ಅವ್ವನ ಮಾತು ಮೀರಿದ್ದೇನೆ. ಹಾವನ್ನು ಅವಳು ಹಾವು ಅಂದದ್ದೇ ಇಲ್ಲ, "ಹುಳ" ಅನ್ನುವಳು. ಹಾವು ಕಚ್ಚಿದರೆ "ಹುಳ ಮುಟ್ಟೈತೆ". ತೋಟದಲ್ಲಿ ನೀರು ಕಟ್ಟುತ್ತಿದ್ದ ನಮ್ಮ ಕಡೆಯವರೊಬ್ಬರನ್ನು ಆಸ್ಪತ್ರೆಗೆ ಹೊತ್ತೊಯ್ದಾಗ ಜೊತೆಗಿದ್ದವರೆಲ್ಲ ಹುಳ, ಹುಳ ಅಂದರು, ಊರಿಗೆ ಹೊಸಬರಾದ ನರ್ಸಮ್ಮ "ಯಾವ ಹುಳ? ಜೇನಾ, ಕಣಜಾನಾ?" ಅಂತ ಕೇಳಿದರು. ಹಾವು ಅನ್ನುವ ಎರಡಕ್ಷರ ಹೊರಬರಲು ಹಿಡಿದ ಹೊತ್ತು ನೆನೆದರೆ ಈಗಲೂ ಮೈ ಝುಮ್ಮೆನ್ನುತ್ತದೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಎಂದಿತು. ಆಸ್ಪತ್ರೆ ಬರೆದುಕೊಳ್ಳುವ ಮೊದಲು ನಮ್ಮವರು ಬಾಯಿ ಬಿಡಬೇಕಲ್ಲ. ಅಲ್ಲಿ ಮಾತ್ರ ಹಾವು ಹಾವೇ ಆಗಲಿ.

ಉಳಿದದ್ದೆಲ್ಲ ನಾಲಗೆಯಲ್ಲಿ ಹಾಗೇ ಕೂತಿದೆ. ಹೋಗ್ತೀನಿ ಅನ್ನಬಾರದು, ಹೋಗಿ ಬರ್ತೀನಿ ಅನ್ನಬೇಕು ಎಂದು ನೂರು ಸಲ ತಿದ್ದಿದವಳು ತೀರಿಕೊಂಡ ಬೆಳಿಗ್ಗೆ ನೆಂಟರಿಗೆಲ್ಲ ಫೋನ್ ಮಾಡಿ ನಾನು ಹೇಳಿದ್ದು "ಅವ್ವ ಹೋಗಿಬಿಟ್ಲು" ಅಂತಲೇ. ತಿದ್ದುವವರು ಇರಲಿಲ್ಲ.

ಈಗ ಬೆಂಗಳೂರಿನ ಮೂರನೇ ಮಹಡಿಯಲ್ಲಿ ಟ್ಯೂಬ್‌ಲೈಟನ್ನೂ ದೊಡ್ಡದು ಮಾಡುತ್ತೇವೆ. ಹೆಂಡತಿ ಮೊದಲು ನಗುತ್ತಿದ್ದಳು, ಆಮೇಲೆ ಅವಳಿಗೂ ಅಂಟಿತು. ಮಗಳಂತೂ ಅದನ್ನೇ ಸರಿಯಾದ ಕನ್ನಡ ಅಂದುಕೊಂಡಿದ್ದಾಳೆ. ಕಳೆದ ತಿಂಗಳು ಭಾನುವಾರ ಸಂಜೆ ಕಾಫಿಗೆ ನೀರಿಟ್ಟ ಮೇಲೆ ನೋಡಿದರೆ ಸಕ್ಕರೆ ಡಬ್ಬಿಯಲ್ಲಿ ಇರುವೆ ಬಿಟ್ಟರೆ ಏನಿಲ್ಲ. ಮಗಳನ್ನು ಎದುರು ಫ್ಲಾಟಿಗೆ ಅಟ್ಟಿದೆ. ಅವರು ಇಲ್ಲೇ ಹುಟ್ಟಿ ಬೆಳೆದವರು, ಒಳ್ಳೆಯ ಜನ. ಎರಡು ನಿಮಿಷಕ್ಕೆ ಬೆಲ್ ಆಯಿತು. ಮಗಳ ಹಿಂದೆ ಆಂಟಿಯೂ ನಿಂತಿದ್ದಾರೆ, ಕೈಯಲ್ಲಿ ಖಾಲಿ ಸ್ಟೀಲ್ ಬಟ್ಟಲು.

"ನಿಮ್ಮನೇಲಿ ಸಕ್ಕರೆ ಹೆಚ್ಚಾಗಿದೆ ಅಂದ್ಳು. ನಮ್ಮಲ್ಲೂ ಮುಗಿದಿತ್ತು, ಒಂದು ಬಟ್ಟಲು ಕೊಡ್ತೀರಾ?"

ಇಲ್ಲ ಅನ್ನಲು ನಾಲಗೆ ಏಳಲಿಲ್ಲ. "ಬನ್ನಿ, ಒಳಗೆ ಕೂತ್ಕೊಳ್ಳಿ" ಅಂದು, ಹಿಂದಿನ ಬಾಲ್ಕನಿಯಲ್ಲಿದ್ದ ಹೆಂಡತಿಗೆ ಕಣ್ಣಲ್ಲೇ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಕೆಳಗಿನ ಅಂಗಡಿಗೆ ಓಡಿದೆ. ಒಂದು ಕೆಜಿ ತಂದು, ಪೊಟ್ಟಣವನ್ನು ಅಡುಗೆಮನೆಯಲ್ಲೇ ಸದ್ದಾಗದಂತೆ ಬಿಚ್ಚಿ, ಅವರ ಬಟ್ಟಲಿಗೆ ಕಂಠದವರೆಗೆ ತುಂಬಿದೆ. ಮೇಲೆ ಇನ್ನೆರಡು ಚಮಚ.