ಬಾಟಲಿಯ ಮೇಲಿನ ಅಂಕಿ ಓದಿದ್ದೀರಾ?

ಸಾರಿಗೆ ಉಪ್ಪು ಹೆಚ್ಚಾದರೆ ಒಂದಿಷ್ಟು ನೀರು ಬೆರೆಸಿ ಕುದಿಸುತ್ತೇವೆ. ಔಷಧ ಹೆಚ್ಚಾದರೆ ಅಂಥ ಉಪಾಯ ನಡೆಯದು. ಆದರೂ ಮನೆಯಲ್ಲಿ ಮಕ್ಕಳಿಗೆ, ಹಿರಿಯರಿಗೆ ಔಷಧ ಕೊಡುವವರು ನಾವೇ ಅಲ್ಲವೇ?

ಬಸವಕಲ್ಯಾಣದ ನಮ್ಮ ಓಣಿಯ ಹುಡುಗಿಯೊಬ್ಬಳು ನರ್ಸಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಪಾಸಾಗಿ, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ದಾಖಲಾಗಬೇಕು. ಮೊನ್ನೆ ಹುಮನಾಬಾದ್ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಬಾಯಿಪಾಠ ಮಾಡುತ್ತಿದ್ದಳು: ರೋಗಿ ಸರಿಯೇ, ಔಷಧ ಸರಿಯೇ, ಪ್ರಮಾಣ ಸರಿಯೇ, ಕೊಡುವ ದಾರಿ ಸರಿಯೇ, ಹೊತ್ತು ಸರಿಯೇ. “ಇಷ್ಟು ಬಂದ್ರ ಸಾಲದು ಕಾಕಿ, ಲೆಕ್ಕಾನೂ ಬರಬೇಕು” ಅಂದಳು.

ಆ ಲೆಕ್ಕ ನಮಗೂ ಬೇಕಾದದ್ದೇ. ಹತ್ತು ಕಿಲೋ ತೂಕದ ಮಗುವಿಗೆ ಜ್ವರ ಬಂದು ಡಾಕ್ಟರು 150 ಮಿಲಿಗ್ರಾಂ ಪ್ಯಾರಾಸಿಟಮಾಲ್ ಬರೆದಿದ್ದಾರೆ ಅನ್ನಿ. ಹಸುಗೂಸುಗಳ ಹನಿ ಔಷಧದಲ್ಲಿ ಸಾಮಾನ್ಯವಾಗಿ 1 ಮಿಲಿಲೀಟರಿಗೇ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪುಗಳಲ್ಲಿ 5 ಮಿಲಿಲೀಟರಿಗೆ 125 ಇರುವುದುಂಟು, 250 ಇರುವುದೂ ಉಂಟು. ಹನಿಯಾದರೆ ಒಂದೂವರೆ ಮಿಲಿಲೀಟರ್ ಸಾಕು, ಮೊದಲ ಸಿರಪ್ಪಾದರೆ 6, ಎರಡನೆಯದಾದರೆ 3. ಹನಿ ಔಷಧವನ್ನೇ ಸಿರಪ್ಪೆಂದು 5 ಮಿಲಿಲೀಟರ್ ಕುಡಿಸಿದರೆ ಮಗುವಿನ ಹೊಟ್ಟೆಗೆ 500 ಮಿಲಿಗ್ರಾಂ ಹೋಯಿತು! ಈ ಔಷಧ ಮಿತಿಮೀರಿದರೆ ಪೆಟ್ಟು ಬೀಳುವುದು ಪಿತ್ತಜನಕಾಂಗಕ್ಕೆ. ಚಹಾದ ಚಮಚವಂತೂ ಬೇಡವೇ ಬೇಡ, ಮನೆಗೊಂದು ಗಾತ್ರ. ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳವನ್ನೇ ಬಳಸಿರಿ.

ಇನ್ನು ಇನ್ಸುಲಿನ್. ಸಕ್ಕರೆ ಕಾಯಿಲೆಯ ಅತ್ತೆ ಮಾವಂದಿರಿಗೆ ಸೂಜಿ ಚುಚ್ಚುವ ಸೊಸೆಯರು ಇದನ್ನು ಎರಡು ಸಲ ಓದಿರಿ. ನಮ್ಮ ದೇಶದಲ್ಲಿ ಇನ್ಸುಲಿನ್ ಬಾಟಲಿ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್ಟಿನದು, 100ರದೂ ಸಿಗುತ್ತದೆ. ಸಿರಿಂಜುಗಳೂ ಹಾಗೇ ಎರಡು ಬಗೆ. 40ರದಕ್ಕೆ ಸಾಮಾನ್ಯವಾಗಿ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. ಸಂಜೆಯ ಮಂದ ಬೆಳಕಿನಲ್ಲಿ ಎರಡೂ ಒಂದೇ ಕಾಣುತ್ತವೆ ನೋಡ್ರಿ! 100ರ ಬಾಟಲಿಯಿಂದ 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ತಿರುಗುಮುರುಗಾದರೆ ಬರೀ 8. ಸಕ್ಕರೆ ಇಳಿಯುವುದೇ ಇಲ್ಲ, ಡಾಕ್ಟರಿಗೂ ಕಾರಣ ತಿಳಿಯದು.

ಬಣ್ಣ ನಂಬಿ ಕೂರಬೇಡಿ. ಬಾಟಲಿಯ ಅಂಕಿ, ಸಿರಿಂಜಿನ ಅಂಕಿ ಒಂದೇ ಇರಬೇಕು. ಇಂಗ್ಲಿಷ್ ಬಾರದವರಿಗೂ ಅಂಕಿ ಬರುತ್ತದಲ್ಲ! ಸಿರಿಂಜು ತರಲು ಹುಡುಗರನ್ನು ಕಳಿಸುವಾಗ ಬಾಟಲಿಯ ಖಾಲಿ ಪೆಟ್ಟಿಗೆಯನ್ನು ಕೈಯಲ್ಲಿ ಕೊಟ್ಟು ಕಳಿಸಿರಿ. ಅಂಗಡಿಯವರು ಬೇಸರಪಟ್ಟರೂ ಪರವಾಗಿಲ್ಲ.

ಇನ್ಸುಲಿನ್ ಹೆಚ್ಚಾದವರಿಗೆ ಬೆವರು, ಕೈನಡುಕ, ತೊದಲು ಮಾತು ಕಾಣುತ್ತದೆ. ಎಚ್ಚರವಿದ್ದರೆ ಕೂಡಲೇ ಮೂರು ಚಿಕ್ಕ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, ಡಾಕ್ಟರಿಗೆ ತಿಳಿಸಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಮಗ್ಗುಲಾಗಿ ಮಲಗಿಸಿ, 108ಕ್ಕೆ ಫೋನ್ ಮಾಡಿರಿ. ಬಾಟಲಿ, ಸಿರಿಂಜು ಎರಡನ್ನೂ ಆಸ್ಪತ್ರೆಗೆ ಒಯ್ಯಲು ಮರೆಯಬೇಡಿ.