ನೆಲ ಬದಲಾದರೆ ರೇಸಿನ ಲೆಕ್ಕವೂ ಬದಲು

ರೇಸಿಗೆ ಹಣ ಕಟ್ಟುವವರು ಕುದುರೆಯ ಹಿಂದಿನ ಓಟ, ಜಾಕಿ, ಹೊರುವ ತೂಕ ಎಲ್ಲವನ್ನೂ ನೋಡುತ್ತಾರೆ. ಓಡುವ ನೆಲವನ್ನು ಮರೆತರೆ ಆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಅಮೆರಿಕದ ಸಾಂಟಾ ಅನಿಟಾದಲ್ಲಿ 2008ರಲ್ಲಿ ನಡೆದ ಬ್ರೀಡರ್ಸ್ ಕಪ್ ಕ್ಲಾಸಿಕ್ ಇದಕ್ಕೆ ನಿದರ್ಶನ.

ಅಲ್ಲಿ ಮಣ್ಣು ತೆಗೆದು, ಮರಳಿಗೆ ಕೃತಕ ನಾರು ಬೆರೆಸಿದ ಸಿಂಥೆಟಿಕ್ ಟ್ರ್ಯಾಕ್ ಹಾಕಲಾಗಿತ್ತು. ಹಿಂದಿನ ವರ್ಷ ಮಣ್ಣಿನ ಮೇಲೆ ಇದೇ ರೇಸ್ ಗೆದ್ದಿದ್ದ ಕರ್ಲಿನ್ ಜನರ ನೆಚ್ಚಿನ ಕುದುರೆ. ಅದು ನಾಲ್ಕನೆಯದಾಯಿತು. ಯುರೋಪಿನ ಹುಲ್ಲಿನ ಟ್ರ್ಯಾಕ್‌ಗಳಲ್ಲಿ ಪಳಗಿದ್ದ ರಾವೆನ್ಸ್ ಪಾಸ್ ಪ್ರಥಮ, ಹೆನ್ರಿದನ್ಯಾವಿಗೇಟರ್ ದ್ವಿತೀಯ. ಮಣ್ಣಿನ ದಾಖಲೆ ನಂಬಿದವರ ಹಣ ಮುಳುಗಿತು.

2010ರ ಕೊನೆಗೆ ಅಲ್ಲಿ ಮತ್ತೆ ಮಣ್ಣು ಬಂದಿತು, ಸಿಂಥೆಟಿಕ್ ದಾಖಲೆಯೂ ಹಳತಾಯಿತು. ಬಲ್ಲವರ ಲೆಕ್ಕವೇ ಹೀಗೆ ತಪ್ಪುವಾಗ, ಮನೆಖರ್ಚಿನ ಹಣವನ್ನು ಕುದುರೆಯ ಬೆನ್ನಿಗೆ ಕಟ್ಟದಿರುವುದೇ ಲೇಸು.